ಹಳದಿ ಡಬ್ಬಿ ಡೈಲಾಗು

ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ. ನೀವು ಕೂತಿರೋದು ಅಂತಿಂಥವನ ಮುಂದೆ ಅಲ್ಲ. ಮೈಮೇಲೆ ಬರ್ತಿದ್ದ ಗೂಡ್ಸ್ ರೈಲಿನ ಮುಂದಿಂದ ಐದು ಜನರನ್ನ, ಕೈ ಮುಟ್ಟದೆ, ಜಾಗಕ್ಕೂ ಹೋಗದೆ, ಬರೀ ಗಂಟಲಲ್ಲಿ ಎತ್ತಿ ಪಕ್ಕಕ್ಕಿಟ್ಟವನ ಮುಂದೆ ಕೂತಿದ್ದೀರಿ. ಹೆಸರು ತಿಪ್ಪೇಶಿ. ವಯಸ್ಸು ಇಪ್ಪತ್ಮೂರು. ಎತ್ತರ ಕೇಳ್ಬೇಡಿ, ತೂಕ ಕೇಳ್ಬೇಡಿ, ರೇಂಜ್ ಕೇಳಿ. ಸಿನಿಮಾದಲ್ಲಿ ಹೀರೋ ಬಂದ್ರೆ ಧೂಳು ಏಳ್ತೈತೆ. ನಾನು ಬಾಯಿ ತೆಗೆದ್ರೆ ಜನ ಏಳ್ತಾರೆ, ಎದ್ದು ಓಡ್ತಾರೆ, ಓಡಿ ಬದುಕ್ಕೊಂತಾರೆ. ಸೀಟಿ ಹೊಡಿಯೋರು ಈಗಲೇ ಹೊಡ್ಕೊಂಡ್ಬಿಡಿ, ನಡುವೆ ಹೊಡೆದ್ರೆ ನನ್ನ ಫ್ಲೋ ಕೆಡ್ತೈತೆ.

ನಮ್ಮೂರಲ್ಲಿ ಯಾವುದೇ ಸದ್ದು ಒಬ್ಬ ಮನುಷ್ಯನಿಗೆ ಏಳೇ ಸಲ ಕೇಳ್ಸೋದು. ಎಂಟನೇ ಸಲಕ್ಕೆ ಇಲ್ಲ. ಯಾಕೆ ಅಂತ ನನ್ನ ಕೇಳ್ಬೇಡಿ. ನಿಮ್ಮೂರಲ್ಲಿ ಒಂದೇ ಸದ್ದು ಸಾಯೋವರೆಗೂ ಕೇಳ್ತಾನೇ ಇರ್ತೈತಂತಲ್ಲ, ಅದನ್ನ ಹೆಂಗೆ ತಡ್ಕೊಂತೀರಿ ಅಂತ ನಾನು ಕೇಳಿದ್ನಾ? ನಮ್ಮ ಸ್ಕೂಲಿನ ಹೆಡ್‌ಮೇಷ್ಟ್ರಿಗೆ ಗಂಟೆ ಮುಗೀತು, ತಟ್ಟೆ ಮುಗೀತು, ಒನಕೆ ಮುಗೀತು, ಈಗ ಮೆಟ್ಟಿಲ ಮೇಲಿಂದ ಬಕೆಟ್ ಉರುಳಿಸೋ ಮಟ್ಟಕ್ಕೆ ಬಂದವ್ರೆ. ಹೊಸದಾಗಿ ಮದುವೆಯಾದ ಹೆಂಡ್ತಿ 'ರೀ' ಅಂದ್ರೆ ಗಂಡ ಏಳು ಸಲ ತಿರುಗಿ ನೋಡ್ತಾನೆ. ಆಮೇಲೆ ಅವಳು ಧಾಟಿ ಬದಲಾಯಿಸ್ಬೇಕು, ರಾಗ ಎಳೀಬೇಕು, ಅದೂ ಮುಗಿದ್ರೆ ಹೊಸ ಹೆಸರು ಹುಡುಕ್ಬೇಕು. ನಮ್ಮ ಬೀದಿ ಕೊನೇ ಮನೆ ಅಜ್ಜಿ ತನ್ನ ಗಂಡನ್ನ ಐವತ್ತು ವರ್ಷದಲ್ಲಿ ಏನೇನು ಕರೆದವ್ಳೆ ಅಂತ ಬರೆದಿಟ್ರೆ ಒಂದು ನಿಘಂಟೇ ಆಗ್ತೈತೆ. ಮೊನ್ನೆ 'ಏಯ್ ಹಳೇ ಟಾರ್ಚು' ಅಂತಿದ್ಲು, ತಾತ ಓಡೋಡಿ ಬಂದ. ಚುನಾವಣೆಗೆ ನಿಂತೋರು ಎಂಟನೇ ಸಲ ಬಂದು ಅದೇ ಭಾಷಣ ಮಾಡೋವಾಗ ಮೈಕ್ ಮುಂದೆ ಬರೀ ತುಟಿ ಆಡ್ತಿರ್ತವೆ, ನಾವು ನೆರಳಲ್ಲಿ ಕೂತು ಕಡ್ಲೇಕಾಯಿ ತಿಂದು ಎದ್ದು ಬರ್ತೀವಿ. ಚಪ್ಪಾಳೆ ಸದ್ದಂತೂ ನಮಗೆಲ್ಲ ತೊಟ್ಟಿಲಲ್ಲೇ ಮುಗಿದೈತೆ. ಯಾರಿಗಾದ್ರೂ ಭೇಷ್ ಅನ್ನಬೇಕು ಅಂದ್ರೆ ಟವಲ್ ಬೀಸ್ತೀವಿ.

ಇಂಥ ಊರಲ್ಲಿ ದಿನಕ್ಕೊಂದು ಹೊಸ ಸದ್ದು ಹೊರಡಿಸೋ ಗಂಟಲು ಯಾರದು? ನಂದು. ಟೂರಿಂಗ್ ಟಾಕೀಸ್‌ಗೆ ಯಾವ ಸಿನಿಮಾ ಬಂದ್ರೂ ನಾನು ಆರು ಸಲ ನೋಡಿ ನಿಲ್ಲಿಸ್ತೀನಿ, ಏಳನೇದು ಮುದುಕ ಆದ್ಮೇಲೆ ನೋಡೋಕೆ ಅಂತ ಎತ್ತಿಟ್ಕೊಂಡಿದ್ದೀನಿ. ಏಳೂ ಮುಗಿಸ್ಕೊಂಡ ದುರಾಸೆ ಮುಂಡೇವು ಪರದೆ ಮುಂದೆ ಕೂತು, ಪಕ್ಕದವನು ನಕ್ಕಾಗ ತಾವೂ ನಗ್ತವೆ. ಅವರಿಗೆಲ್ಲ ಇಂಟರ್‌ವಲ್‌ನಲ್ಲಿ ನಾನೇ ಡೈಲಾಗ್ ಹೇಳೋದು, ಸ್ವಲ್ಪ ಧಾಟಿ ತಿರುಚಿ. ಹೀರೋ ಬೇಕಾ ಹೀರೋ, ವಿಲನ್ ಬೇಕಾ ವಿಲನ್, ಕಣ್ಣೀರು ಹಾಕೋ ತಾಯಿ ಬೇಕಾ, ಸೆರಗು ಕೊಡಿ ಅದೂ ಮಾಡ್ತೀನಿ. ಯಾರ ಗಂಟಲಾದ್ರೂ ನನ್ನ ಗಂಟಲೊಳಗೆ ಬಾಡಿಗೆಗೆ ಇರ್ತೈತೆ.

ಈಗ ರೈಲಿನ ವಿಷಯ. ಹುಟ್ಟಿ ಎರಡು ದಿನದೊಳಗೆ ನಮ್ಮೂರ ಕೂಸಿಗೆ ರೈಲಿನ ಸದ್ದು ಮುಗಿದೋಗ್ತೈತೆ. ಆಮೇಲೆ ಜೀವಮಾನ ಪೂರ್ತಿ ರೈಲು ನಮಗೆ ಮೋಡ ಇದ್ದಂಗೆ. ಬರ್ತೈತೆ, ನೆರಳು ಬೀಳ್ತೈತೆ, ಹೋಗ್ತೈತೆ. ಹಾರನ್ ಹೊಡೆದ್ರೂ ಅಷ್ಟೇ. ಪ್ಲಾಟ್‌ಫಾರಂ ಮೇಲೆ ನಿಂತೋರಿಗೆ ಇದೇನು ಕಷ್ಟ ಅಲ್ಲ. ಹಳಿ ಮೇಲೆ ಬಗ್ಗಿ ಕೆಲಸ ಮಾಡೋ ಗ್ಯಾಂಗಿನವರಿಗೆ ಕಷ್ಟ. ನಮ್ಮಕ್ಕ ಮಾರಕ್ಕ ಆ ಗ್ಯಾಂಗಿನವಳು. ಅಪ್ಪ ಅವ್ವ ಹೋದ್ಮೇಲೆ ನನ್ನ ಸಾಕಿದವಳು ಅವಳೇ. ಹಳಿಗೆ ಅಡ್ಡ ಕೊಟ್ಟಿರೋ ಸ್ಲೀಪರ್ ದಿಮ್ಮಿ ಕೆಳಗೆ ಜಲ್ಲಿ ತುರುಕಿ ಪಿಕಾಸೀಲಿ ಬಡಿಯೋದು, ಬೋಲ್ಟ್ ಬಿಗಿ ಮಾಡೋದು, ಬಿಸಿಲಿಗೆ ಸೊಟ್ಟಗಾದ ಹಳಿನ ಗಡಾರಿ ಹಾಕಿ ನೇರ ಮಾಡೋದು ಅವಳ ಕೆಲಸ. ಅವಳ ಕೈಯಲ್ಲಿ ಒಂದು ಏಟು ತಿಂದವರು ಇನ್ನೊಂದು ಕೇಳಲ್ಲ. ನಾನು ಅನುಭವಸ್ಥ.

ಗ್ಯಾಂಗಲ್ಲಿ ಆಗ ಆರು ಜನ. ಆರನೆಯವನು ಕೆಂಚಣ್ಣ. ಅವನು ಪಿಕಾಸಿ ಹಿಡೀತಿರ್ಲಿಲ್ಲ, ದೂರ ನೋಡ್ಕೊಂಡು ನಿಂತಿದ್ದು ರೈಲು ಕಂಡ ತಕ್ಷಣ ಕೂಗೋದು ಅವನ ಕೆಲಸ. ಬೇರೆ ಊರಲ್ಲಿ ಇಂಥವನ ಬಾಯಲ್ಲಿ ಒಂದು ಸೀಟಿ ಇದ್ರೆ ಸಾಕಂತೆ. ನಮ್ಮಲ್ಲಿ ದಿನಾ ಹೊಸ ಕೂಗು ಬೇಕು. ಕೆಂಚಣ್ಣ ಹನ್ನೊಂದು ವರ್ಷ ಕೂಗಿದ. 'ಹುಲಿ ಬಂತು' ಅಂದ, 'ಬೀಗರು ಬಂದ್ರು' ಅಂದ, 'ಹಾಲು ಉಕ್ತು' ಅಂದ, ಮಗ್ಗಿ ಹೇಳಿದ, ಗೊತ್ತಿದ್ದ ದೇವರ ಹೆಸರೆಲ್ಲ ಮುಗಿಸಿದ. ಎರಡು ವರ್ಷದ ಹಿಂದೆ ಬೇಸಿಗೇಲಿ ಒಂದಿನ ರೈಲು ಕಾಣ್ತು, ಬಾಯಿ ತೆಗೆದ, ಮಾತು ಬರ್ಲಿಲ್ಲ. ಇದ್ದ ಕೂಗೆಲ್ಲ ಹಳೇವು. ಹೊಸದು ಹುಡುಕ್ತಾ ಒಂದು ಗಳಿಗೆ ನಿಂತ, ಆಮೇಲೆ ಹುಡುಕೋದು ಬಿಟ್ಟು ಓಡಿಬಂದು ಐದು ಜನರನ್ನೂ ಕೈಯಾರೆ ತಳ್ಳಿದ. ಐದನೆಯವಳು ನಮ್ಮಕ್ಕ. ಅವಳು ಪಕ್ಕಕ್ಕೆ ಬಿದ್ಲು. ಕೆಂಚಣ್ಣನಿಗೆ ಪಕ್ಕಕ್ಕೆ ಬರೋಕೆ ಟೈಮ್ ಸಿಗ್ಲಿಲ್ಲ. ಈ ಜಾಗದಲ್ಲಿ ನಾನು ಡೈಲಾಗ್ ಹೊಡಿಯಲ್ಲ.

ಅದಾದ ಮೂರು ತಿಂಗಳಿಗೆ ಹೊಸ ಇಂಜಿನಿಯರ್ ನಫೀಸಾ ಮೇಡಂ ಜೀಪಲ್ಲಿ ಒಂದು ಹಳದಿ ಡಬ್ಬಿ ತಂದ್ರು. ಮೊದಲನೇ ದಿನ ಮೇಡಂಗೆ ರೈಲಿನ ಸದ್ದು ಚೆನ್ನಾಗೇ ಕೇಳ್ತಿತ್ತು, ನಿಮಗೆಲ್ಲ ಕಿವಿ ಇಲ್ವಾ ಅಂತ ಗ್ಯಾಂಗಿನ ಮೇಲೆ ರೇಗಿದ್ರು. ಎರಡನೇ ದಿನ ಮಧ್ಯಾಹ್ನ ತಮ್ಮ ಬೆನ್ನ ಹಿಂದೆಯೇ ಎಕ್ಸ್‌ಪ್ರೆಸ್ ಹೋಗಿದ್ದು ಗೊತ್ತಾಗದೆ, ದುಪಟ್ಟಾ ಹಾರಿದ ಮೇಲೆ ತಿರುಗಿ ನೋಡಿ ಅಲ್ಲೇ ಜಲ್ಲಿ ರಾಶಿ ಮೇಲೆ ಕೂತ್ಬಿಟ್ರು. ಡಬ್ಬಿ ಕೆಲಸ ಸುಲಭ. ಒಂದೂವರೆ ಕಿಲೋಮೀಟರ್ ಆಚೆ ಹಳಿಗೆ ಒಂದು ಯಂತ್ರದ ಕಣ್ಣು ಕಟ್ಟಿರ್ತಾರೆ. ರೈಲು ಅದನ್ನ ದಾಟಿದ ತಕ್ಷಣ, ಗ್ಯಾಂಗಿನ ಹತ್ರ ಇಟ್ಟಿರೋ ಡಬ್ಬಿ ಸೈರನ್ ಹೊಡ್ಕೊಂತೈತೆ. ಒಂದು ನಿಮಿಷ ಟೈಮು. ಸಾಮಾನು ಎತ್ಕೊಂಡು, ಹಳಿ ಬಿಟ್ಟು, ಡಬ್ಬಿ ಇರೋ ಜಾಗಕ್ಕೆ ಬಂದು ನಿಂತ್ಕೋಬೇಕು. ಡಬ್ಬಿ ಯಾವಾಗ್ಲೂ ಸೇಫ್ ಜಾಗದಲ್ಲೇ ಇರ್ಬೇಕು ಅನ್ನೋದು ಮೇಡಂ ರೂಲು.

ಡಬ್ಬಿ ಒಂದು ದಿನ ಹೀರೋ, ಎರಡನೇ ದಿನ ಫ್ಲಾಪ್. ಮೇಡಂ ಬ್ಯಾಟರಿ ಬದಲಾಯಿಸಿದ್ರು, ವೈರ್ ಬಿಚ್ಚಿ ಕಟ್ಟಿದ್ರು. ಕೊನೆಗೆ ಗ್ಯಾಂಗಿನ ಯಜಮಾನ, ಮೇಟ್ ಹಾಲಪ್ಪ, ಮೆಲ್ಲಗೆ ಹೇಳಿದ್ನಂತೆ: "ಮೇಡಂ, ಡಬ್ಬಿ ಗಟ್ಟಿ ಐತೆ. ಮುಗಿದಿರೋದು ನಮ್ಮ ಕಿವಿ." ದೀಪ ಕಟ್ಟಿ ನೋಡಿದ್ರು, ಬಗ್ಗಿದವರ ಕಣ್ಣಿಗೆ ಜಲ್ಲಿ ಬಿಟ್ಟು ಏನೂ ಕಾಣಲ್ಲ. ಸೊಂಟಕ್ಕೆ ನಡುಗೋ ಬೆಲ್ಟ್ ಕಟ್ಟಿದ್ರು, ಪಿಕಾಸಿ ಬಡಿಯೋರ ಮೈ ಮನೆಗೆ ಹೋದ್ಮೇಲೂ ನಡುಗ್ತಾನೇ ಇರ್ತೈತೆ, ಇನ್ನು ಬೆಲ್ಟ್ ನಡುಗಿದ್ದು ಯಾರಿಗೆ ಗೊತ್ತಾಗ್ಬೇಕು. ಆಗ ಮೇಡಂ ಡಬ್ಬಿ ಹಿಂದುಗಡೆ ಒಂದು ಗುಂಡಿ ತೋರಿಸಿದ್ರು. ಅದನ್ನ ಒತ್ತಿ ಮಾತಾಡಿದ್ರೆ ಸೈರನ್ ಬದಲು ಆ ಮಾತೇ ಬರ್ತೈತೆ. ಅಂದ್ರೆ, ನಿಲ್ಲದಂಗೆ ಹೊಸ ಸದ್ದು ಹೊರಡಿಸೋ ಒಬ್ಬ ಮನುಷ್ಯ ಬೇಕು. ಐದೂ ಜನಕ್ಕೆ ಗೊತ್ತಿತ್ತು ಊರಲ್ಲಿ ಅಂಥವನು ಒಬ್ಬನೇ ಅಂತ. ಹಾಲಪ್ಪನಿಗೆ ಮಾತ್ರ ಆ ಒಬ್ಬನ ಹೆಸರು ಹೇಳೋಕೆ ನಾಲಿಗೆ ಹೊರಳ್ತಿರ್ಲಿಲ್ಲ.

ಕಾರಣ ಐತೆ. ಅದಕ್ಕೂ ಎರಡು ವರ್ಷ ಮುಂಚೆ ನಾನು ಸಾಮಾನು ಕೋಣೆ ಹಿಂದೆ ನಿಂತು ಹಾಲಪ್ಪನ ಗಂಟಲಲ್ಲಿ, ಇವತ್ತು ಕೆಲಸ ಇಲ್ಲ, ಎಲ್ಲಾ ಮನೆಗೆ ಹೋಗಿ ಮಲಕ್ಕೊಳ್ರಿ ಅಂತ ಕೂಗಿದ್ದೆ. ಗ್ಯಾಂಗು ಹನ್ನೊಂದು ಗಂಟೆಗೆಲ್ಲ ಮನೆ ಸೇರ್ತು. ಅದರಲ್ಲಿ ಹಾಲಪ್ಪನೂ ಇದ್ದ; ತಾನೇ ಹೇಳಿರ್ಬೇಕು, ಮರ್ತಿದ್ದೀನಿ ಅಂದ್ಕೊಂಡ್ನಂತೆ. ಮೇಲಿನವರು ಅವನಿಗೆ ಮೆಮೋ ಕೊಟ್ರು. ಆವತ್ತಿಂದ ನನ್ನ ಕಂಡ್ರೆ ಅವನ ಮೀಸೆ ಎರಡೂ ತುದಿ ಕೆಳಗಿಳೀತವೆ.

ಅಂಥ ಹಾಲಪ್ಪ ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಬಂದ. ಅಕ್ಕ ಒಲೆ ಮುಂದೆ ರೊಟ್ಟಿ ತಟ್ತಿದ್ಲು. ಅವನು ಗೋಡೆ ನೋಡ್ಕೊಂಡು ವಿಷಯ ಹೇಳಿದ, ದಿನಕ್ಕೆರಡು ಹೊಸ ಸದ್ದು ಬೇಕು ಅಂದ. ನಾನು ಕಾಲ ಮೇಲೆ ಕಾಲು ಹಾಕಿ, "ಹಾಲಪ್ಪಣ್ಣ, ತಿಪ್ಪೇಶಿ ಡೇಟ್ಸ್ ಸಿಗೋದು ಕಷ್ಟ" ಅಂದೆ. ಅಕ್ಕ ರೊಟ್ಟಿ ಮಗುಚೋ ಕೈಯಲ್ಲೇ ಹಿಂತಿರುಗಿ ನೋಡಿದ್ಲು. ತಕ್ಷಣ ಡೇಟ್ಸ್ ಸಿಕ್ತು.

ಆಮೇಲಿನ ನಾಲ್ಕು ತಿಂಗಳು ನನ್ನ ಸುವರ್ಣ ಯುಗ. ಬೆಳಿಗ್ಗೆ ಸಾಮಾನು ಕೋಣೆಗೆ ಹೋಗಿ, ಗಡಾರಿ ಪಿಕಾಸಿಗಳ ನಡುವೆ ಡಬ್ಬಿ ಇಟ್ಕೊಂಡು, ಗುಂಡಿ ಒತ್ತಿ, ಎದೆ ಉಬ್ಬಿಸಿ ಡೈಲಾಗ್ ತುಂಬ್ತಿದ್ದೆ. "ಬರ್ತಾವ್ನೆ ಕಣ್ರೋ, ನಲವತ್ತು ಬೋಗಿ ಎದೆ ಇರೋನು ಬರ್ತಾವ್ನೆ, ಸೈಡ್ ಕೊಡ್ರೋ" ಅನ್ನೋದು ಮೊದಲನೇದು. ಒಂದೊಂದನ್ನ ಆರು ಸಲಕ್ಕಿಂತ ಜಾಸ್ತಿ ಬಿಡ್ತಿರ್ಲಿಲ್ಲ. ಒಂದಿನ ಸಾಲ ಕೇಳೋ ಷಡ್ಡಕ, ಒಂದಿನ ಮದುವೆ ನಿಲ್ಲಿಸೋಕೆ ಬಂದ ಪೊಲೀಸು, ಒಂದಿನ ಜೈಲಿಂದ ಬಂದ ಅವಳಿ ತಮ್ಮ. ಜನ ಹಳಿ ಬಿಟ್ಟು ಬರ್ತಿದ್ರು, ಬದುಕ್ತಿದ್ರು, ನಗ್ತಿದ್ರು. ಊಟದ ಹೊತ್ತಲ್ಲಿ ಬುತ್ತಿ ಬಿಚ್ಚಿ ನನ್ನ ಡೈಲಾಗ್ ಹೇಳ್ಕೊಂತಿದ್ರಂತೆ. ಮಧ್ಯಾಹ್ನದ ರೈಲು ಲೇಟಾದ್ರೆ ಬೇಜಾರು ಮಾಡ್ಕೊಂತಿದ್ರಂತೆ. ನನಗೆ ಅಭಿಮಾನಿಗಳು ಹುಟ್ಟಿದ್ರು ಸ್ವಾಮಿ, ಅದೂ ಕೆಲಸದ ಜಾಗದಲ್ಲಿ, ಬಿಸಿಲಲ್ಲಿ.

ಅಲ್ಲೇ ಎಡವಟ್ಟಾಗಿದ್ದು. ಒಂದಿನ ನಾನು ನನ್ನ ಜೀವಮಾನದ ಬೆಸ್ಟ್ ಡೈಲಾಗ್ ಬರೆದೆ. ಹೀರೋ ನಿಧಾನಕ್ಕೆ ಹೇಳ್ತಾನೆ, ನಾನು ಯಾವ ಮಾತಾದ್ರೂ ಮೂರು ಸಲ ಹೇಳ್ತೀನಿ ಅಂತ. ಮೊದಲನೇ ಸಲ ಹೇಳಿದ್ರೆ ಅದು ಮರ್ಯಾದೆ. ಎರಡನೇ ಸಲ ಹೇಳಿದ್ರೆ ಅದು ಎಚ್ಚರಿಕೆ. ಮೂರನೇ ಸಲ, ಅಂತ ನಿಲ್ಲಿಸಿ, ಬಾಯಲ್ಲೇ ಹಿನ್ನೆಲೆ ಸಂಗೀತ ಕೊಟ್ಟು, ಒಂದು ಉಸಿರು ಬಿಟ್ಟು, ಮೂರನೇ ಸಲ ಹೇಳೋದು ನಾನಲ್ಲ ಅಂತ ಇನ್ನೊಂದು ಉಸಿರು ಬಿಟ್ಟು, ಕೊನೆಗೆ ಪಂಚು: "ರೈಲು." ಪೂರ್ತಿ ಐವತ್ತು ಸೆಕೆಂಡು. ಆ ಐವತ್ತು ಸೆಕೆಂಡೂ ಐದು ಜನ ಗಡಾರಿ ಊರ್ಕೊಂಡು, ಮೂರನೇ ಸಲ ಏನಾಗ್ತೈತೆ ಅಂತ ತಿಳ್ಕೊಳ್ಳೋಕೆ ಹಳಿ ಮೇಲೇ ನಿಂತಿದ್ರು. ಪಂಚ್ ಬಂತು, ರೈಲೂ ಬಂತು. ಹಾಲಪ್ಪನ ರುಮಾಲು ಇಂಜಿನ್ನಿನ ಗಾಳಿಗೆ ಹೋಗಿ ಮುಂದಿನ ಸೇತುವೆ ಹತ್ರ ಸಿಕ್ತು. ತಲೆ ಮಾತ್ರ ಅವನ ಹತ್ರಾನೇ ಉಳೀತು.

ಮೇಡಂ ಖಡಕ್ಕಾಗಿ ಹೇಳಿದ್ರು, ಇನ್ನೊಂದು ಸಲ ಹಿಂಗಾದ್ರೆ ಡಬ್ಬಿ ವಾಪಸ್ ಹೋಗ್ತೈತೆ, ಗ್ಯಾಂಗು ಮತ್ತೆ ಬರೀ ತಮ್ಮ ಕಣ್ಣನ್ನೇ ನಂಬ್ಕೊಂಡು ಕೆಲಸ ಮಾಡ್ಬೇಕು ಅಂತ. ಬರೀ ಕಣ್ಣು ಅಂದ್ರೆ ಏನು ಅನ್ನೋದು ಎಲ್ಲಾರಿಗೂ ಗೊತ್ತಿತ್ತು, ಆದ್ರೆ ಕೆಂಚಣ್ಣನ ಹೆಸರು ಯಾರೂ ಎತ್ಲಿಲ್ಲ. ಆವತ್ತು ರಾತ್ರಿ ಊಟಕ್ಕೆ ಅಕ್ಕ ಬೈತಾಳೆ ಅಂತ ಕಾದೆ. ಬೈಯ್ಲಿಲ್ಲ. ಸಾರು ಬಡಿಸಿ, ನನ್ನ ತಟ್ಟೆ ನೋಡ್ಕೊಂಡೇ ಹೇಳಿದ್ಲು: "ಚೆನ್ನಾಗಿತ್ತು ಕಣೋ ತಿಪ್ಪಾ. ಅದಕ್ಕೇ ನಿಂತ್ವಿ. ಇನ್ಮೇಲೆ ಚೆನ್ನಾಗಿ ಮಾಡ್ಬೇಡ."

ಯಾವ ಕಲಾವಿದನಿಗೂ ಇಂಥ ಮಾತು ಬರ್ಬಾರ್ದು. ನಾನು ಕೆಟ್ಟದಾಗಿ ಮಾಡೋಕೆ ಟ್ರೈ ಮಾಡಿದೆ. ಆಗ್ಲಿಲ್ಲ. ಪಂಚ್ ಮೊದಲೇ ಹೇಳಿದ್ರೆ, ಆಮೇಲೆ ಇನ್ನೇನೋ ಇರ್ಬೇಕು ಅಂತ ನಿಂತ್ಕೊಂತಿದ್ರು. ಬರೀ ವಿಲನ್ ನಗು ತುಂಬಿದ್ರೆ, ಅವರೂ ನಗ್ತಾ ನಿಂತ್ಕೊಂತಿದ್ರು. ಅಭಿಮಾನ ಅನ್ನೋದು ಕೆಟ್ಟ ಕಾಯಿಲೆ. ಹಾಲಪ್ಪ ದಿನಾ ಎಲ್ಲರ ರೆಟ್ಟೆ ಹಿಡಿದು ಎಳ್ಕೊಂಡು ಬರ್ಬೇಕಾಗ್ತಿತ್ತು.

ಆಗ ಬಂತು ಕಟಿಂಗ್ ಕೆಲಸ. ಊರಾಚೆ ಗುಡ್ಡ ಕಡಿದು ಹಳಿ ಹಾಕಿರೋ ಜಾಗ ಐತೆ. ಎರಡೂ ಕಡೆ ಮೂರಾಳೆತ್ತರ ಬಂಡೆ ಗೋಡೆ, ನಡುವೆ ರೈಲಿಗೆ ಎಷ್ಟು ಬೇಕೋ ಅಷ್ಟೇ ಜಾಗ. ಪಕ್ಕಕ್ಕೆ ನಿಲ್ತೀನಿ ಅಂದ್ರೆ ಪಕ್ಕಾನೇ ಇಲ್ಲ. ಬಂಡೆಯೊಳಗೆ ಒಂದೇ ಒಂದು ಗೂಡು ಕೆತ್ತವ್ರೆ, ಐದು ಜನ ಒತ್ತೊತ್ತಾಗಿ ನಿಂತ್ರೆ ಹಿಡಿಸ್ತಾರೆ. ಡಬ್ಬಿ ಇಡೋದೂ ಅದರೊಳಗೇ. ಅಲ್ಲಿ ಹಳಿ ತಿರುವು ಬೇರೆ, ಕಣ್ಣನ್ನ ದೂರ ಕಟ್ಟಿದ್ರೆ ಡಬ್ಬಿಗೆ ಸುದ್ದಿ ಮುಟ್ಟಲ್ಲ. ಅರ್ಧ ಕಿಲೋಮೀಟರ್‌ಗೇ ಕಟ್ಬೇಕಾಯ್ತು. ಇಪ್ಪತ್ತು ಸೆಕೆಂಡು. ಹಾಲಪ್ಪ ಎರಡು ದಿನ ಅಭ್ಯಾಸ ಮಾಡಿಸಿದ. ಒಂದು ಸಲ ಇಬ್ಬರು ಹಳಿಗುಂಟ ನೇರ ಓಡಿದ್ರು, ರೈಲಿಗಿಂತ ಜೋರಾಗಿ ಓಡ್ತೀವಿ ಅನ್ನೋ ಹಂಗೆ. ಇನ್ನೊಂದು ಸಲ ಒಬ್ಬ ಬಂಡೆ ಹತ್ತೋಕೆ ಹೋಗಿ ಜಾರಿದ. ನಮ್ಮಕ್ಕ ಗಡಾರಿ ಬಿಟ್ಟು ಬರೋಕೆ ಮನಸ್ಸಾಗದೆ ಅಲ್ಲೇ ನಿಂತ್ಲು. ಹೆದರಿಕೆ ಅಂದ್ರೆ ಹಂಗೇ, ಓಡು ಅಂದ್ರೆ ಕಾಲು ಕೇಳ್ತೈತೆ, ಎಲ್ಲಿಗೆ ಅಂತ ಕೇಳೋಕೆ ಪುರುಸೊತ್ತಿರಲ್ಲ. ಐದೂ ಜನ ಇಪ್ಪತ್ತು ಸೆಕೆಂಡಲ್ಲಿ ಆ ಗೂಡು ಸೇರ್ಲಿಲ್ಲ ಅಂದ್ರೆ ಮುಗೀತು, ಅಷ್ಟೇ ಸಿನಿಮಾ.

ಮಂಗಳವಾರ ಹನ್ನೊಂದು ಗಂಟೆ. ಗ್ಯಾಂಗು ಕಟಿಂಗ್ ನಡುಮಧ್ಯೆ. ಮೇಡಂ ಬಂಡೆ ತಲೆ ಮೇಲೆ ವಾಚ್ ಹಿಡ್ಕೊಂಡು ನಿಂತಿದ್ರು. ಹನ್ನೆರಡರ ತನಕ ಯಾವ ರೈಲೂ ಇಲ್ಲ ಅಂತ ಚೀಟಿ ಬಂದಿತ್ತು. ಆದ್ರೆ ಚೀಟೀಲಿ ಇಲ್ಲದ ಒಂದು ಗೂಡ್ಸು, ನಲವತ್ತೆರಡು ಬೋಗಿ, ಬರ್ತಾ ಇತ್ತು. ಹಳಿಗೆ ಕಟ್ಟಿದ್ದ ಕಣ್ಣಿಗೆ ಕಾಣ್ತು. ಡಬ್ಬಿ ಬಾಯಿ ತೆಗೀತು. ನಾನು ಬೆಳಿಗ್ಗೆ ತುಂಬಿಟ್ಟಿದ್ದ ಡೈಲಾಗು ಬಂಡೆಗೆ ಬಡಿದು ಬಡಿದು ಮೊಳಗ್ತು. ಐದು ಜನ ಐದು ಗಡಾರಿ ಬಿಸಾಕಿ, ಹಳಿಗುಂಟ ಓಡದೆ, ಬಂಡೆ ಹತ್ತದೆ, ಹಿಂದೆ ಮುಂದೆ ನೋಡದೆ, ಬಾಣ ಬಿಟ್ಟಂಗೆ ಗೂಡಿಗೇ ನುಗ್ಗಿದ್ರು. ಮೇಡಂ ವಾಚಿನ ಪ್ರಕಾರ ಒಂಬತ್ತು ಸೆಕೆಂಡು. ಇನ್ನೂ ಹನ್ನೊಂದು ಸೆಕೆಂಡು ಕೈಯಲ್ಲೇ ಇತ್ತು. ಏನು ಡೈಲಾಗು ಅಂತ ಕೇಳ್ಬೇಡಿ. ಹೆಡ್‌ಮೇಷ್ಟ್ರು ಕೇಳಿದ್ರೂ ಹೇಳಿಲ್ಲ, ಊರ ಪ್ರೆಸಿಡೆಂಟ್ ಕೇಳಿದ್ರೂ ಹೇಳಿಲ್ಲ. ದೊಡ್ಡ ಕಲಾವಿದರ ಕೆಲವು ಗುಟ್ಟು ಅವರ ಜೊತೆಗೇ ಹೋಗ್ಬೇಕು.

ಆವತ್ತು ಸಂಜೆ ನಮ್ಮೂರು ನೋಡ್ಬೇಕಿತ್ತು ನೀವು. ಸ್ಟೇಷನ್ ಮುಂದೆ ಜನ ಸೇರಿಬಿಟ್ಟಿದ್ರು. ಇಡೀ ಊರು ಟವಲ್ ಬೀಸ್ತು, ಟವಲ್ ಸಿಗದವರು ಅಂಗಿ ಬಿಚ್ಚಿ ಬೀಸಿದ್ರು, ಹೆಡ್‌ಮೇಷ್ಟ್ರು ಬಕೆಟ್ ಬೀಸಿದ್ರು. ನನ್ನ ಹೆಗಲ ಮೇಲೆ ಹೊತ್ಕೊಂಡು ಟಾಕೀಸ್ ತನಕ ಮೆರವಣಿಗೆ. ಹೊತ್ತವರಲ್ಲಿ ಹಾಲಪ್ಪನೂ ಇದ್ದ. ಮೀಸೆ ಒಂದು ತುದಿ ಮೇಲೆದ್ದಿತ್ತು. ಅದಾದ ಮೇಲೆ ನಾನು ಮೇಡಂಗೆ ನನ್ನ ಸಿದ್ಧಾಂತ ಹೇಳ್ಕೊಟ್ಟೆ. ಹಳಿ ಮೇಲಿರೋರಿಗೆ 'ಹೋಗಿ' ಅನ್ಬಾರ್ದು ಮೇಡಂ, 'ಬನ್ನಿ' ಅನ್ಬೇಕು ಅಂದೆ. ಹೋಗಿ ಅಂದ್ರೆ ಎಲ್ಲಿಗೆ ಅಂತ ಯೋಚಿಸ್ತಾರೆ, ಬನ್ನಿ ಅಂದ್ರೆ ಸದ್ದು ಬಂದ ಕಡೆ ಬರ್ತಾರೆ, ಸದ್ದು ಇರೋದೇ ಸೇಫ್ ಜಾಗದಲ್ಲಿ. ಮೇಡಂ ಅದನ್ನ ಬರ್ಕೊಂಡ್ರು. ಈಗ ನಮ್ಮೂರ ಪ್ರತಿ ಮನೆಯಿಂದ ಒಂದೊಂದು ನಿಜವಾದ ಕೂಗು ಡಬ್ಬಿಗೆ ಬರ್ತೈತೆ. ಮೊದಲನೇದು ಕೊಟ್ಟಿದ್ದು ಕೆಂಚಣ್ಣನ ಹೆಂಡ್ತಿ. ನೀರು ತರೋವಾಗ ಸೊಂಟದ ಕೊಡ ಜಾರ್ತಿದ್ರೆ ಅವನನ್ನ ಹೆಂಗೆ ಕೂಗ್ತಿದ್ಲೋ ಹಂಗೇ ಕೂಗಿ ಕೊಟ್ಲು, "ಬಾರಯ್ಯಾ, ಜಾರ್ತೈತೆ, ಹಿಡ್ಕೋ ಬಾ" ಅಂತ. ಗ್ಯಾಂಗು ಆರು ಸೆಕೆಂಡಲ್ಲಿ ಬಂತು. ಒಂದು ವರ್ಷ ಆಯ್ತು, ಒಬ್ಬರ ಕಿರುಬೆರಳಿಗೂ ಏನೂ ಆಗಿಲ್ಲ. ಆ ಕಡೆ ಈ ಕಡೆ ಗ್ಯಾಂಗಿನವರೂ ಬಂದು ನೋಡ್ಕೊಂಡು ಹೋದ್ರು. ಡಬ್ಬಿ ಮೇಲೆ ಯಾರೋ ಬಣ್ಣದಲ್ಲಿ ನನ್ನ ಹೆಸರು ಬರೆದವ್ರೆ. ಯಾರೋ ಅಂದ್ರೆ ನಾನೇ, ಇರ್ಲಿ ಬಿಡಿ.

ಈಗ ನಿಮಗೊಂದು ಅನುಮಾನ ಬರ್ಬೇಕು. ಇಷ್ಟು ದೊಡ್ಡ ಮನುಷ್ಯ ತನ್ನೂರು ಬಿಟ್ಟು ನಮ್ಮ ಮುಂದೆ ಯಾಕೆ ಬಡಾಯಿ ಕೊಚ್ಕೊಂತಾವ್ನೆ ಅಂತ. ಊರಲ್ಲಿ ಈ ಕಥೆನ ಎಲ್ಲಾರೂ ಏಳು ಸಲ ಕೇಳಿದ್ದಾಯ್ತು. ಈಗ ಕಟ್ಟೆ ಮೇಲೆ ಕೂತು ಶುರು ಮಾಡಿದ್ರೆ ನನ್ನ ತುಟಿ ಆಡೋದು ನೋಡಿ ಪಾಪ ಅನ್ನೋ ಮುಖ ಮಾಡ್ತಾರೆ. ಮೂರು ಧಾಟೀಲಿ ಹೇಳಿ ನೋಡ್ದೆ, ಮೂರೂ ಮುಗಿದ್ವು. ಯಾರೂ ಒಂದು ಸಲಾನೂ ಕೇಳದೆ ಇರೋದು ಇನ್ನೊಂದು ಉಳಿದೈತೆ. ನಿಜವಾಗ್ಲೂ ಏನಾಯ್ತು ಅನ್ನೋದು. ನೀವು ಹೊರಗಿನವರು, ಹೇಳ್ತೀನಿ, ನಗ್ಬೇಡಿ.

ಆ ಮಂಗಳವಾರ ಬೆಳಿಗ್ಗೆ ನಾನು ಯಾವ ಡೈಲಾಗೂ ಬರೆದಿರ್ಲಿಲ್ಲ. ಸಾಮಾನು ಕೋಣೇಲಿ ಡಬ್ಬಿ ಗುಂಡಿ ಒತ್ತಿ, ಎದೆ ಉಬ್ಬಿಸಿ, ಕಣ್ಣು ಮುಚ್ಚಿ, ವಿಲನ್ ಗಂಟಲು ತಂದ್ಕೊಂಡು "ಲೇಯ್" ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಹೆಂಚಿನ ಸಂದಿಯಿಂದ ಒಂದು ಹಲ್ಲಿ ನನ್ನ ಅಂಗಿ ಕಾಲರ್ ಒಳಗೆ ಬಿತ್ತು. ಹಾವು ಹಿಡೀತೀನಿ, ಚೇಳು ಹಿಡೀತೀನಿ, ಹಲ್ಲಿ ಅಂದ್ರೆ ನನಗೆ ಆಗಲ್ಲ, ಚಿಕ್ಕಂದಿನಿಂದ ಆಗಲ್ಲ. ಅದು ಬೆನ್ನ ಮೇಲೆ ಓಡಾಡ್ತಿದ್ರೆ ನಾನು ಕೂಗಿದ್ದು ವಿಲನ್ ಗಂಟಲೂ ಅಲ್ಲ, ಹೀರೋ ಗಂಟಲೂ ಅಲ್ಲ. "ಅಕ್ಕಾ, ಅಯ್ಯೋ ಅಕ್ಕಾ, ಬಾರೇ, ಬೇಗ ಬಾರೇ, ಹಾಲಪ್ಪಣ್ಣಾ, ಯಾರಾದ್ರೂ ಬರ್ರೋ, ಸತ್ತೆ ಕಣ್ರೋ." ಕೂಗ್ತಾ ಅಂಗಿ ಹರ್ಕೊಂಡು ಹೊರಗೆ ಓಡಿದೆ. ಬೇವಿನ ಮರದ ಕೆಳಗೆ ನಿಂತು ಮೈಯೆಲ್ಲ ಕೊಡವಿ, ವಾಪಸ್ ಬಂದು ನೋಡಿದ್ರೆ ಡಬ್ಬಿ ಇಲ್ಲ. ಹಾಲಪ್ಪ ಬಂದು, ಎಂದಿನಂಗೆ ತುಂಬಿಟ್ಟಿರ್ತಾನೆ ಅಂದ್ಕೊಂಡು ಎತ್ಕೊಂಡು ಹೋಗಿದ್ದ.

ನಾನು ಕಟಿಂಗ್ ಕಡೆ ಓಡಿದೆ. ಅವರ ಜೀವ ಉಳಿಸೋಕೆ ಓಡಿದೆ ಅಂತ ಹೇಳ್ಬೋದು, ಆದ್ರೆ ಇವತ್ತು ಸುಳ್ಳು ಬೇಡ ಅಂದ್ಕೊಂಡಿದ್ದೀನಿ. ಮಾನ ಉಳಿಸ್ಕೊಳ್ಳೋಕೆ ಓಡಿದ್ದು. ರೈಲು ಬರೋದ್ರೊಳಗೆ ಆ ಕೂಗು ಅಳಿಸ್ಬೇಕು, ಇಲ್ಲಾಂದ್ರೆ ತಿಪ್ಪೇಶಿ ಕಥೆ ಮುಗೀತು ಅನ್ನೋದು ಬಿಟ್ಟು ತಲೇಲಿ ಬೇರೇನೂ ಇರ್ಲಿಲ್ಲ. ಹರಿದ ಅಂಗೀಲಿ ಏದುಸಿರು ಬಿಟ್ಕೊಂಡು ಬಂಡೆ ತಲೆ ಮೇಲೆ ಮೇಡಂ ಪಕ್ಕಕ್ಕೆ ಹೋಗಿ ನಿಂತೆ, ಕೆಳಗೆ ಡಬ್ಬಿ ಕೂಗಿತು.

ಒಬ್ಬರೂ ರೈಲು ಎಲ್ಲಿ ಅಂತ ತಿರುಗಿ ನೋಡ್ಲಿಲ್ಲ. ಅವರಿಗೆ ರೈಲು ನೆನಪೇ ಇರ್ಲಿಲ್ಲ. ಮೊದಲು ಓಡಿದ್ದು ಹಾಲಪ್ಪ. ಅವನ ಹಿಂದೆ ಅಕ್ಕ, ಗಡಾರಿ ಎಸೆದು, ಸೀರೆ ಎತ್ತಿ ಕಟ್ಕೊಂಡು. ಐದೂ ಜನ ಗೂಡೊಳಗೆ ನುಗ್ಗಿ ನನ್ನ ಹುಡುಕ್ತಿದ್ರು. ಅಕ್ಕ ಡಬ್ಬಿ ಹಿಂದೆ ಕೈ ಹಾಕಿ ತಡಕಾಡ್ತಿದ್ಲು. ಹಾಲಪ್ಪ ಡಬ್ಬಿನ ಎರಡೂ ಕೈಯಲ್ಲಿ ಎತ್ತಿ ಅಲ್ಲಾಡಿಸ್ತಾ, "ಎಲ್ಲೋ ಇದೀಯಾ ಮಗಾ, ಬಂದ್ವಿ ಕಣೋ, ಬಂದ್ವಿ" ಅಂತಿದ್ದ. ಅವರ ಬೆನ್ನ ಹಿಂದೆ ನಲವತ್ತೆರಡು ಬೋಗಿ ಹೋಯ್ತು. ಅದು ಪೂರ್ತಿ ಹೋಗೋ ತನಕ ಅವರು ಹುಡುಕ್ತಾನೇ ಇದ್ರು.

ಮೇಡಂ ನನ್ನ ಹರಿದ ಅಂಗಿ ನೋಡಿದ್ರು, ವಾಚ್ ನೋಡಿದ್ರು, ವರದೀಲಿ 'ಧ್ವನಿ ಬಹಳ ಪರಿಣಾಮಕಾರಿ' ಅಂತ ಬರೆದ್ರು. ಐದು ಜನ ಇವತ್ತಿಗೂ ಊರಲ್ಲಿ ಬಾಯಿ ಬಿಟ್ಟಿಲ್ಲ. ಕೇಳಿದವರಿಗೆಲ್ಲ ಅಕ್ಕ, ಅವನ ಬೆಸ್ಟ್ ಡೈಲಾಗು ಅಂತಾಳೆ. ಆ 'ಬನ್ನಿ' ಸಿದ್ಧಾಂತ ನಂದಲ್ಲ, ಬಂಡೆ ಮೇಲೆ ನಿಂತು ಕಣ್ಣಲ್ಲಿ ನೋಡಿದ್ದು. ನಾನು ಯಾರನ್ನೂ ಉಳಿಸ್ಲಿಲ್ಲ ಸ್ವಾಮಿ. ಅವರು ಐದು ಜನ ನನ್ನ ಉಳಿಸೋಕೆ ಓಡಿಬಂದ್ರು. ಹಲ್ಲಿಯಿಂದ.